ಯೀಸ್ಟಿನ ಗೋಡೆಯಲ್ಲಿರುವ ಸಕ್ಕರೆ

ಈ ಪಾಠ ಶುರುಮಾಡುವ ದಿನ ನಾನು ಮೇಜಿನ ಮೇಲೆ ಎರಡು ವಸ್ತು ಇಡುತ್ತೇನೆ. ಒಂದು ಬಟ್ಟಲು ಅಕ್ಕಿ, ಒಂದು ಉಂಡೆ ಹತ್ತಿ. ಇವೆರಡರಲ್ಲಿ ಸಕ್ಕರೆಯಿಂದ ಆದದ್ದು ಯಾವುದು ಎಂದು ಕೇಳುತ್ತೇನೆ. ಮಕ್ಕಳ ಕೈಯೆಲ್ಲ ಅಕ್ಕಿಯ ಕಡೆ ಹೋಗುತ್ತದೆ. ಅನ್ನವನ್ನು ಬಾಯಲ್ಲಿಟ್ಟು ಅಗಿಯುತ್ತಾ ಹೋದರೆ ಸಿಹಿಯಾಗುತ್ತದೆ ಎಂಬುದು ಹೈಸ್ಕೂಲಿನಲ್ಲೇ ಓದಿದ ಪಾಠ. ಹತ್ತಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಎರಡೂ ಒಂದೇ ಸಕ್ಕರೆಯಿಂದ ಆದವು. ಅಕ್ಕಿಯೊಳಗಿನ ಪಿಷ್ಟ ಗ್ಲೂಕೋಸಿನ ಸರಪಣಿ. ಹತ್ತಿಯ ನಾರೂ ಗ್ಲೂಕೋಸಿನದೇ ಸರಪಣಿ. ಒಂದು ನಮ್ಮ ಹೊಟ್ಟೆಯಲ್ಲಿ ಕರಗಿ ಹೋಗುತ್ತದೆ. ಇನ್ನೊಂದು ಉಟ್ಟು, ಒಗೆದು, ಹಿಂಡಿ, ಒಣಹಾಕಿದರೂ ವರ್ಷಗಟ್ಟಲೆ ಬಾಳುತ್ತದೆ.

ವ್ಯತ್ಯಾಸವಿರುವುದು ಕೊಂಡಿಯಲ್ಲಿ. ಗ್ಲೂಕೋಸಿನ ಒಂದು ಅಣುವಿನಲ್ಲಿ ಆರು ಇಂಗಾಲಗಳಿವೆ. ಅವಕ್ಕೆ ಒಂದರಿಂದ ಆರರವರೆಗೆ ನಂಬರು ಕೊಟ್ಟಿದ್ದಾರೆ. ಸರಪಣಿ ಕಟ್ಟುವಾಗ ಒಂದು ಅಣುವಿನ ಮೊದಲನೆಯ ಇಂಗಾಲ ಮುಂದಿನ ಅಣುವಿನ ಯಾವ ಇಂಗಾಲಕ್ಕೆ ಕೈ ಕೊಡುತ್ತದೆ, ಆ ಕೈ ಕೆಳಮುಖವೋ ಮೇಲ್ಮುಖವೋ, ಇಷ್ಟರ ಮೇಲೆ ಎಲ್ಲವೂ ನಿಂತಿದೆ. ಕೆಳಮುಖದ ಕೊಂಡಿಗೆ ಆಲ್ಫಾ, ಮೇಲ್ಮುಖದ್ದಕ್ಕೆ ಬೀಟಾ ಎಂದು ಹೆಸರು. ಅಕ್ಕಿಯದು ಆಲ್ಫಾ 1-4, ಹತ್ತಿಯದು ಬೀಟಾ 1-4. ಅದೇ ಗ್ಲೂಕೋಸನ್ನು ಬೀಟಾ 1-3 ಕೊಂಡಿಯಲ್ಲಿ ಜೋಡಿಸಿದರೆ ಸರಪಣಿ ನೆಟ್ಟಗೆ ನಿಲ್ಲದೆ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಈ ಸುರುಳಿಯ ಹೆಸರು ಬೀಟಾ-ಗ್ಲೂಕಾನ್. ಯೀಸ್ಟಿನ ಗೋಡೆಯ ಮುಖ್ಯ ಸಾಮಗ್ರಿ ಇದು. ಈ ಲೇಖನದ ಕೊನೆಯವರೆಗೂ ಇದರ ಮಾತು ಬರುತ್ತಲೇ ಇರುತ್ತದೆ, ನೆನಪಿರಲಿ.

ಯೀಸ್ಟ್ ಎಂದರೆ ಒಂದೇ ಜೀವಕೋಶದ ಶಿಲೀಂಧ್ರ. ಅಣಬೆ, ಹಳಸಿದ ರೊಟ್ಟಿಯ ಮೇಲಿನ ಬೂಷ್ಟು ಇವೆಲ್ಲ ಅದರ ಬಳಗ. ಬೇಕರಿಯಲ್ಲಿ ಹಿಟ್ಟು ಉಬ್ಬುವುದು ಯೀಸ್ಟಿನಿಂದ. ಈಚಲು ಮರದಿಂದ ಇಳಿಸಿದ ನೀರಾ ಹೊತ್ತೇರುತ್ತಿದ್ದಂತೆ ಹೆಂಡವಾಗುವುದೂ ಅದರಿಂದಲೇ. ಆ ಯೀಸ್ಟುಗಳಿಂದ ನಮಗೆ ತೊಂದರೆ ಇಲ್ಲವೆಂದೇ ಹೇಳಬೇಕು. ಇವತ್ತು ನಾವು ನೋಡಬೇಕಾದದ್ದು ಅವುಗಳ ಒಬ್ಬ ದಾಯಾದಿಯನ್ನು, ಕ್ಯಾಂಡಿಡಾ ಆಲ್ಬಿಕನ್ಸ್ ಎಂಬುದನ್ನು. ಎರಡೂ ಪದಗಳು ಲ್ಯಾಟಿನ್ನಿನಲ್ಲಿ ಬಿಳುಪಿಗೆ ಸಂಬಂಧಿಸಿದವು. ಹಸುಗೂಸಿನ ನಾಲಗೆಯ ಮೇಲೆ, ಕೆನ್ನೆಯ ಒಳಬದಿಯಲ್ಲಿ ಮೊಸರು ಮೆತ್ತಿದಂತೆ ಬಿಳಿ ಮಚ್ಚೆಗಳು ಕಾಣುವುದನ್ನು ತಾಯಂದಿರು ಬಲ್ಲರು. ಹಾಲಿನ ಕಲೆಯಾದರೆ ಒರೆಸಿದರೆ ಸುಲಭವಾಗಿ ಹೋಗುತ್ತದೆ. ಇದು ಹೋಗದು; ಒತ್ತಿ ಒರೆಸಿದರೆ ಅಡಿಯಲ್ಲಿ ಕೆಂಪಗೆ ಕಾಣುತ್ತದೆ. ಆ ಮಚ್ಚೆ ಕ್ಯಾಂಡಿಡಾದ್ದು.

ಇದೇ ಯೀಸ್ಟ್ ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲಿ, ಕರುಳಲ್ಲಿ, ಹೆಂಗಸರ ಯೋನಿಯಲ್ಲಿ ಸುಮ್ಮನೆ ಬಾಳುತ್ತಿರುತ್ತದೆ. ಆ್ಯಂಟಿಬಯಾಟಿಕ್ ಹೆಚ್ಚಾಗಿ ಜೊತೆಯ ಬ್ಯಾಕ್ಟೀರಿಯಾಗಳು ಸತ್ತಾಗ, ಮಧುಮೇಹ ಹತೋಟಿ ತಪ್ಪಿದಾಗ, ಸ್ಟೀರಾಯ್ಡ್ ಬಹಳ ದಿನ ನಡೆದಾಗ ತಲೆಯೆತ್ತುತ್ತದೆ. ಆಗಲೂ ಅದು ಉರಿ, ತುರಿಕೆ, ಬಿಳಿಸ್ರಾವದ ಮಟ್ಟದ ಕಾಟ. ಐಸಿಯುನಲ್ಲಿ ಮಲಗಿದ ರೋಗಿಯ ರಕ್ತನಾಳಕ್ಕೆ ಹಾಕಿದ ನಳಿಕೆಯ ಮೂಲಕವೋ, ಶಸ್ತ್ರಚಿಕಿತ್ಸೆಯಾದ ಕರುಳಿನಿಂದಲೋ ರಕ್ತಕ್ಕೆ ಇಳಿದರೆ ಮಾತ್ರ ಅದು ಪ್ರಾಣ ತೆಗೆಯುವ ರೋಗ.

ನಿನ್ನೆಯವರೆಗೆ ಸಾಧುವಾಗಿದ್ದದ್ದು ಇವತ್ತು ಹೇಗೆ ಮಾರಿಯಾಯಿತು? ರೋಗಾಣುವಿನ ಕಸುವು ಎಂದೊಡನೆ ನಮ್ಮ ಮನಸ್ಸು ವಿಷ, ಹಲ್ಲು, ಉಗುರು ಹುಡುಕುತ್ತದೆ. ಕ್ಯಾಂಡಿಡಾಕ್ಕೆ ವಿಷವೂ ಉಂಟು. ಕ್ಯಾಂಡಿಡಾಲೈಸಿನ್ ಎಂಬ ಪುಟ್ಟ ವಿಷದ ತುಣುಕನ್ನು 2016ರಲ್ಲಿ ಗುರುತಿಸಿದರು. ಆದರೆ ಆರ್ಟುರೊ ಕಾಸಾಡೆವಾಲ್ ಮತ್ತು ಲೀಸ್-ಆನ್ ಪಿರೋಫ್ಸ್ಕಿ ಎಂಬ ಇಬ್ಬರು ವೈದ್ಯವಿಜ್ಞಾನಿಗಳು 1999ರಲ್ಲಿ ಮುಂದಿಟ್ಟ ಮಾತು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ: ರೋಗ ತರುವ ಶಕ್ತಿ ರೋಗಾಣುವೊಂದರ ಸೊತ್ತಲ್ಲ, ರೋಗಾಣು ಮತ್ತು ಶರೀರ ಎದುರುಬದುರಾದಾಗ ಹುಟ್ಟುವಂಥದ್ದು. ಹಾಗಾದರೆ ಆ ಭೇಟಿಯಲ್ಲಿ ಶರೀರದ ಕಣ್ಣಿಗೆ ಮೊದಲು ಬೀಳುವುದೇನು? ಯೀಸ್ಟಿನ ಗೋಡೆ. ಗೋಡೆಯೋ, ಬಹುಪಾಲು ಸಕ್ಕರೆ. ಆ ಸಕ್ಕರೆಗಳಲ್ಲಿ ಯಾವುದು ಹೊರಗೆ ಕಾಣುತ್ತದೆ, ಯಾವುದು ಒಳಗೆ ಅಡಗುತ್ತದೆ ಎಂಬುದೇ ನಾನು ಇವತ್ತು ಹೇಳಬೇಕೆಂದಿರುವ ವಿಷಯ.

ಗೋಡೆಯ ಕಟ್ಟಡವನ್ನು ಒಳಗಿನಿಂದ ಹೊರಕ್ಕೆ ನೋಡುತ್ತಾ ಬರೋಣ. ಕ್ಯಾಂಡಿಡಾದ ಒಂದು ಕೋಶದ ಅಗಲ ಸುಮಾರು 5 ಮೈಕ್ರಾನ್. ಇನ್ನೂರು ಕೋಶ ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಒಳಗೆ ತೆಳುವಾದ ಕೋಶಪೊರೆ, ಅದರ ಮೇಲೆ ಗೋಡೆ. ಗೋಡೆಯ ತಳಪಾಯದಲ್ಲಿ ಕೈಟಿನ್ ಇದೆ. ಏಡಿಯ ಚಿಪ್ಪು, ಜಿರಳೆಯ ಮೈಹೊದಿಕೆ ಯಾವುದರಿಂದ ಗಟ್ಟಿಯಾಗಿವೆಯೋ ಅದೇ ಕೈಟಿನ್. ಸಾರಜನಕ ಸೇರಿದ ಒಂದು ಬಗೆಯ ಗ್ಲೂಕೋಸಿನ ಸರಪಣಿ. ಗೋಡೆಯಲ್ಲಿ ಅದು ನೂರಕ್ಕೆ ಎರಡು ಮೂರು ಪಾಲು ಮಾತ್ರ, ಆದರೆ ಗಾರೆಯೊಳಗಿನ ಕಬ್ಬಿಣದ ಸರಳಿನಂತೆ ಕೆಲಸ ಮಾಡುತ್ತದೆ. ಅದಕ್ಕೆ ಹೆಣೆದುಕೊಂಡು ಬೀಟಾ-ಗ್ಲೂಕಾನಿನ ಬಲೆ. ಗೋಡೆಯ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ಇದೇ. ಕೋಶದೊಳಗಿನ ನೀರಿನ ಒತ್ತಡ ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಸ್ಪ್ರಿಂಗಿನಂಥ ಈ ಬಲೆ ಹಿಗ್ಗುತ್ತಾ ಕುಗ್ಗುತ್ತಾ ಆ ಒತ್ತಡವನ್ನು ತಡೆಯುತ್ತದೆ. ಎಲ್ಲಕ್ಕೂ ಹೊರಗೆ ಮ್ಯಾನೋಸ್ ಎಂಬ ಇನ್ನೊಂದು ಸಕ್ಕರೆಯ ಸರಪಣಿಗಳು. ಇವು ಪ್ರೋಟೀನುಗಳಿಗೆ ಅಂಟಿಕೊಂಡು, ಉಣ್ಣೆ ಕಂಬಳಿಯ ಜುಂಗಿನಂತೆ ಹೊರಮುಖವಾಗಿ ಚಾಚಿರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ನೋಡಿದರೆ ಒಳಗಿನ ಪದರ ನುಣ್ಣಗೆ, ಮಸುಕಾಗಿ ಕಾಣುತ್ತದೆ; ಹೊರಗಿನ ಈ ಜುಂಗು ಎದ್ದು ಕಾಣುತ್ತದೆ. ಇದಕ್ಕೆ ಮ್ಯಾನಾನ್ ಎನ್ನುತ್ತಾರೆ.

ಗೋಡೆಯನ್ನು ಕಣ್ಣಾರೆ ನೋಡಬೇಕೆಂದರೆ ಒಂದು ಚೆಂದದ ದಾರಿ ಇದೆ. ಕ್ಯಾಲ್ಕೋಫ್ಲೋರ್ ವೈಟ್ ಎಂಬ ಬಣ್ಣ ಮೊದಲು ಬಂದದ್ದು ಬಟ್ಟೆಯನ್ನು ಇನ್ನಷ್ಟು ಬೆಳ್ಳಗೆ ಹೊಳೆಯುವಂತೆ ಮಾಡಲು. ಹತ್ತಿಯ ಬೀಟಾ ಕೊಂಡಿಗಳನ್ನು ಹಿಡಿದುಕೊಳ್ಳುವ ಈ ಬಣ್ಣ, ಅಂಥದೇ ಕೊಂಡಿಗಳಿರುವ ಕೈಟಿನ್ನನ್ನೂ ಹಿಡಿಯುತ್ತದೆ. ರೋಗಿಯ ಉಗುರು ಕೆರೆದ ಪುಡಿಗೆ ಒಂದು ಹನಿ ಹಾಕಿ, ಅತಿನೇರಳೆ ಬೆಳಕಿನಲ್ಲಿ ಇಟ್ಟು ನೋಡಿ. ಕತ್ತಲಲ್ಲಿ ಯೀಸ್ಟುಗಳು ತಿಳಿನೀಲಿ ಮಣಿಗಳಂತೆ ಬೆಳಗುತ್ತವೆ. ಯೀಸ್ಟ್ ಮೊಗ್ಗೊಡೆದು ಮರಿ ಹಾಕುತ್ತದೆಯಲ್ಲ, ಮರಿ ಕಳಚಿಕೊಂಡ ಜಾಗದಲ್ಲಿ ಕೈಟಿನ್ನಿನ ಒಂದು ಉಂಗುರ ಉಳಿಯುತ್ತದೆ, ನಮ್ಮ ಹೊಕ್ಕುಳಿನ ಹಾಗೆ. ಆ ಉಂಗುರಗಳು ಎಲ್ಲಕ್ಕಿಂತ ಪ್ರಕಾಶಮಾನ. ಎಣಿಸಿದರೆ ಆ ತಾಯಿಕೋಶ ಎಷ್ಟು ಹೆತ್ತಿದೆ ಎಂದು ಹೇಳಬಹುದು. ಈ ಉಂಗುರವನ್ನು ಗಮನದಲ್ಲಿಡಿ. ರೋಗದ ಕತೆಯಲ್ಲಿ ಇದಕ್ಕೆ ದೊಡ್ಡ ಪಾತ್ರವಿದೆ.

ಈಗ ಶರೀರದ ಕಡೆ ಬರೋಣ. ನಮ್ಮ ಬಿಳಿ ರಕ್ತಕಣಗಳಿಗೆ ಕಣ್ಣಿಲ್ಲ, ಮುಟ್ಟಿ ತಿಳಿಯುವುದೊಂದೇ ದಾರಿ. ಅವುಗಳ ಮೈಮೇಲೆ ಸಕ್ಕರೆಯನ್ನು ಹಿಡಿಯುವ ಪ್ರೋಟೀನುಗಳಿವೆ. ಇಂಥ ಪ್ರೋಟೀನುಗಳಿಗೆ ಲೆಕ್ಟಿನ್ ಎಂದು ಹೆಸರು. ಹೆಸರು ಹೊಸದೆನಿಸಿದರೂ ಲೆಕ್ಟಿನ್ ನಮ್ಮ ಅಡುಗೆಮನೆಯಲ್ಲೇ ಇದೆ. ಹಲಸಿನ ಬೀಜದಲ್ಲಿರುವ ಜಾಕಲಿನ್ ಒಂದು ಲೆಕ್ಟಿನ್, ಕಡಲೆಕಾಯಿಯಲ್ಲಿ ಇನ್ನೊಂದು, ಬಾಳೆಹಣ್ಣಿನಲ್ಲಿ ಮತ್ತೊಂದು. ಈ ಮೂರರ ಆಕಾರವನ್ನೂ ಎಕ್ಸ್-ರೇ ವಿಧಾನದಿಂದ ಬಿಡಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ಬಳಗ. ಒಂದೊಂದು ಲೆಕ್ಟಿನ್ನಿಗೆ ಒಂದೊಂದು ಸಕ್ಕರೆಯ ರುಚಿ. ಜಾಕಲಿನ್ ಹುಡುಕುವುದು ಗ್ಯಾಲಕ್ಟೋಸನ್ನು. ಬಾಳೆಹಣ್ಣಿನ ಲೆಕ್ಟಿನ್ ಹಿಡಿಯುವುದು ಮ್ಯಾನೋಸನ್ನು. ಕೀಲಿಕೈಗೆ ತಕ್ಕ ಬೀಗ ಇದ್ದಂತೆ, ಸಕ್ಕರೆಯ ಕೊಂಡಿ ಹೇಗಿದೆಯೋ ಅದಕ್ಕೆ ತಕ್ಕ ಕುಳಿ ಲೆಕ್ಟಿನ್ನಿನಲ್ಲಿರುತ್ತದೆ.

ನಮ್ಮ ಬಿಳಿ ರಕ್ತಕಣಗಳ ಮೇಲಿರುವ ಅಂಥ ಒಂದು ಲೆಕ್ಟಿನ್ನಿನ ಹೆಸರು ಡೆಕ್ಟಿನ್-1. ಅದು ಹಿಡಿಯುವುದು ಬೀಟಾ-ಗ್ಲೂಕಾನನ್ನು ಎಂದು 2001ರಲ್ಲಿ ಆಕ್ಸ್‌ಫರ್ಡಿನಲ್ಲಿ ಗೋರ್ಡನ್ ಬ್ರೌನ್ ಮತ್ತು ಸೈಮನ್ ಗೋರ್ಡನ್ ತೋರಿಸಿಕೊಟ್ಟರು. ಇದು ಎಷ್ಟು ಜಾಣತನದ ಏರ್ಪಾಡು ನೋಡಿ. ಮನುಷ್ಯನ ಶರೀರದ ಯಾವ ಕೋಶವೂ ಬೀಟಾ-ಗ್ಲೂಕಾನನ್ನು ತಯಾರಿಸುವುದಿಲ್ಲ. ಬಹುತೇಕ ಶಿಲೀಂಧ್ರಗಳಿಗೆ ಅದಿಲ್ಲದೆ ಬದುಕಿಲ್ಲ. ಆದ್ದರಿಂದ ಬೀಟಾ-ಗ್ಲೂಕಾನ್ ಕೈಗೆ ತಗುಲಿತೆಂದರೆ ಹೊರಗಿನವರು ಬಂದಿದ್ದಾರೆಂದು ಸಂಶಯವಿಲ್ಲದೆ ತೀರ್ಮಾನಿಸಬಹುದು. ಡೆಕ್ಟಿನ್-1 ಅದನ್ನು ಹಿಡಿದ ಕ್ಷಣ ಕೋಶದೊಳಗೆ ಸುದ್ದಿ ಹೋಗುತ್ತದೆ, ಬಿಳಿ ರಕ್ತಕಣ ಯೀಸ್ಟನ್ನು ನುಂಗುತ್ತದೆ, ಉರಿಯೂತದ ಸಂದೇಶಗಳು ಹೊರಟು ನೆರವಿಗೆ ಇನ್ನಷ್ಟು ಕಣಗಳು ಬರುತ್ತವೆ.

ಹಾಗಿದ್ದರೆ ಕ್ಯಾಂಡಿಡಾ ಪ್ರತಿಸಲವೂ ಸಿಕ್ಕಿಬೀಳಬೇಕಿತ್ತು. ಬೀಳುವುದಿಲ್ಲ. ಕಾರಣ ಹೊರಗಿನ ಆ ಜುಂಗು. ಮ್ಯಾನಾನಿನ ದಟ್ಟ ಹೊದಿಕೆಯ ಕೆಳಗೆ ಬೀಟಾ-ಗ್ಲೂಕಾನ್ ಮುಚ್ಚಿಹೋಗಿರುತ್ತದೆ. ಬಿಳಿ ರಕ್ತಕಣ ತಡವಿದರೆ ಕೈಗೆ ಸಿಗುವುದು ಮ್ಯಾನೋಸ್. ಮ್ಯಾನೋಸೋ, ನಮ್ಮ ಕೋಶಗಳಿಗೂ ಅಪರಿಚಿತವಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡುವುದು ಒಳ್ಳೆಯದು, ಏಕೆಂದರೆ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸೋಜಿಗವೆನಿಸುವುದು ಇದೇ. ಪ್ರೋಟೀನಿಗೆ ಸಕ್ಕರೆ ಹಚ್ಚುವ ಕೆಲಸ ನಮ್ಮ ಕೋಶದಲ್ಲೂ ನಡೆಯುತ್ತದೆ, ಯೀಸ್ಟಿನಲ್ಲೂ ನಡೆಯುತ್ತದೆ. ಶುರು ಎರಡರಲ್ಲೂ ಒಂದೇ. ಒಂಬತ್ತು ಮ್ಯಾನೋಸ್ ಇರುವ ಒಂದೇ ನಮೂನೆಯ ಕವಲುಗೊಂಬೆ ಸಿದ್ಧವಾಗಿ ಪ್ರೋಟೀನಿಗೆ ಅಂಟುತ್ತದೆ. ಆಮೇಲೆ ಗಾಲ್ಜಿ ಎಂಬ ಕೋಶದ ಭಾಗಕ್ಕೆ ಬಂದಾಗ ದಾರಿ ಬೇರೆಯಾಗುತ್ತದೆ. ನಮ್ಮ ಕೋಶ ಮ್ಯಾನೋಸುಗಳನ್ನು ಕತ್ತರಿಸಿ ಬೇರೆ ಸಕ್ಕರೆಗಳನ್ನು ಕೂರಿಸುತ್ತದೆ. ಯೀಸ್ಟು ಮ್ಯಾನೋಸಿನ ಮೇಲೆ ಮ್ಯಾನೋಸ್ ಪೇರಿಸುತ್ತಾ ಹೋಗುತ್ತದೆ, ನೂರು ದಾಟಿದರೂ ನಿಲ್ಲಿಸುವುದಿಲ್ಲ. ಬೆನ್ನೆಲುಬಿನಂಥ ಒಂದು ಉದ್ದ ಸರಪಣಿ, ಅದರ ಇಕ್ಕೆಲಕ್ಕೂ ಪಕ್ಕೆಲುಬಿನಂತೆ ಕವಲುಗಳು, ಕೆಲವು ಕವಲಿಗೆ ರಂಜಕದ ಕೊಂಡಿ. ಒಂದೇ ಅಂಗಡಿಯಲ್ಲಿ ಒಂದೇ ನೂಲು ಕೊಂಡ ಇಬ್ಬರು ನೇಕಾರರು ಬೇರೆಬೇರೆ ಸೀರೆ ನೇಯ್ದ ಹಾಗೆ.

ಈ ಉದ್ದ ಸರಪಣಿಯ ಮೊದಲ ಮ್ಯಾನೋಸನ್ನು ಕೂರಿಸುವ ಕಿಣ್ವಕ್ಕೆ ಓಸಿಎಚ್1 ಎಂದು ಹೆಸರು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ನೀಲ್ ಗೌ ಅವರ ಬಳಗ ಕ್ಯಾಂಡಿಡಾದಿಂದ ಆ ಕಿಣ್ವದ ಜೀನನ್ನೇ ತೆಗೆದುಹಾಕಿ ನೋಡಿತು. 2006ರಲ್ಲಿ ಪ್ರಕಟವಾದ ಕೆಲಸ ಅದು. ಹೊದಿಕೆಯ ಜುಂಗು ಮೊಂಡಾಯಿತು, ಕೋಶಗಳು ಒಂದಕ್ಕೊಂದು ಅಂಟಿ ಗೊಂಚಲಾದವು, ಇಲಿಗಳಿಗೆ ಚುಚ್ಚಿದಾಗ ರೋಗದ ಉಗ್ರತೆ ಕುಗ್ಗಿತು. ಪ್ರೋಟೀನಿಗೆ ಬೇರೊಂದು ರೀತಿಯಲ್ಲಿ ಅಂಟುವ ಗಿಡ್ಡ ಮ್ಯಾನೋಸ್ ಸಾಲುಗಳನ್ನು ಕತ್ತರಿಸಿದಾಗಲೂ ಯೀಸ್ಟಿಗೆ ನಮ್ಮ ಕೋಶಗಳ ಮೇಲೆ ಅಂಟಿ ನಿಲ್ಲುವ ಶಕ್ತಿ ಕಡಿಮೆಯಾಯಿತು. ಆದರೆ ರಂಜಕದ ಕೊಂಡಿಯೊಂದನ್ನೇ ತೆಗೆದಾಗ ಬಿಳಿ ರಕ್ತಕಣ ಯೀಸ್ಟನ್ನು ನುಂಗುವುದು ಕಡಿಮೆಯಾಯಿತೇ ಹೊರತು ಇಲಿಗಳಲ್ಲಿ ರೋಗ ಸೌಮ್ಯವಾಗಲಿಲ್ಲ. ಹೊಸದಾಗಿ ಓದುವವರು ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಗೋಡೆಯ ಪ್ರತಿಯೊಂದು ಸಕ್ಕರೆಗೂ ಒಂದೊಂದು ಅಪರಾಧ ಹೊರಿಸುವಂತಿಲ್ಲ. ಪರೀಕ್ಷೆ ಮಾಡಿ ನೋಡಬೇಕು, ಬಂದ ಉತ್ತರ ನಂಬಬೇಕು. ಇನ್ನೊಂದು ಮಾತು: ಮ್ಯಾನಾನ್ ಪೂರ್ತಿ ಕುರುಡು ಪರದೆಯೂ ಅಲ್ಲ. ಡೆಕ್ಟಿನ್-2, ಮ್ಯಾನೋಸ್ ಗ್ರಾಹಕ ಮುಂತಾದ ಬೇರೆ ಲೆಕ್ಟಿನ್ನುಗಳು ನಮ್ಮಲ್ಲಿವೆ, ಅವು ಮ್ಯಾನಾನನ್ನೇ ಗುರುತು ಹಿಡಿಯುತ್ತವೆ. ಆದರೂ ಬೀಟಾ-ಗ್ಲೂಕಾನ್ ಎಬ್ಬಿಸುವಷ್ಟು ದೊಡ್ಡ ಗದ್ದಲ ತಪ್ಪಿಸಿಕೊಳ್ಳಲು ಕ್ಯಾಂಡಿಡಾಕ್ಕೆ ಆ ಹೊದಿಕೆ ಸಾಕಾಗುತ್ತದೆ.

ಈಗ ಆ ಉಂಗುರಕ್ಕೆ ಮರಳೋಣ. ಮರಿ ಕಳಚಿಕೊಂಡ ಜಾಗದಲ್ಲಿ ಹೊದಿಕೆ ಹರಿದಿರುತ್ತದೆ, ಅಲ್ಲಿ ಬೀಟಾ-ಗ್ಲೂಕಾನ್ ಹೊರಗೆ ಇಣುಕುತ್ತದೆ. ಡೆಕ್ಟಿನ್-1ಕ್ಕೆ ಸಿಗುವ ಮುಖ್ಯ ಹಿಡಿ ಇದು ಎಂದು 2005ರಲ್ಲಿ ಡೇವಿಡ್ ಅಂಡರ್‌ಹಿಲ್ ಅವರ ಬಳಗ ತೋರಿಸಿತು. ಅಂದಮೇಲೆ ಮೊಗ್ಗೊಡೆಯುತ್ತಾ ಬೆಳೆಯುವ ಯೀಸ್ಟಿಗೆ ಹೆತ್ತಷ್ಟೂ ಅಪಾಯ. ಕ್ಯಾಂಡಿಡಾ ಆಲ್ಬಿಕನ್ಸ್‌ಗೆ ಇದರಿಂದ ಪಾರಾಗುವ ಇನ್ನೊಂದು ರೂಪ ಗೊತ್ತು.

ಅದನ್ನು ಯಾವ ಸಣ್ಣ ಲ್ಯಾಬಿನಲ್ಲಾದರೂ ನೋಡಬಹುದು. ಗಾಜಿನ ನಳಿಕೆಯಲ್ಲಿ ಅರ್ಧ ಎಂಎಲ್ ಸೀರಮ್ ಹಾಕಿ. ಬೆಳೆಸಿದ ತಟ್ಟೆಯಿಂದ ಯೀಸ್ಟಿನ ಒಂದು ಚೂರನ್ನು ಲೂಪಿನ ತುದಿಗೆ ಮುಟ್ಟಿಸಿ ಅದರಲ್ಲಿ ಕದಡಿ. 37 ಡಿಗ್ರಿಯಲ್ಲಿ, ಅಂದರೆ ನಮ್ಮ ಮೈಯ ಬಿಸಿಯಲ್ಲಿ, ಎರಡು ಎರಡೂವರೆ ಗಂಟೆ ಇಡಿ. ಮೂರು ಗಂಟೆ ದಾಟಿಸಬೇಡಿ, ಬೇರೆ ಜಾತಿಗಳೂ ದಾರ ಬಿಟ್ಟು ಗೊಂದಲವಾಗುತ್ತದೆ. ಆಮೇಲೆ ಒಂದು ಹನಿ ಸ್ಲೈಡಿನ ಮೇಲೆ. ನಲವತ್ತರ ಲೆನ್ಸಿನಲ್ಲಿ ನೋಡಿದಾಗ ದುಂಡಗಿದ್ದ ಕೋಶಗಳಿಂದ ಮೊಳಕೆ ಹೊರಟಿರುತ್ತದೆ, ನೆನೆಸಿ ಕಟ್ಟಿಟ್ಟ ಹೆಸರುಕಾಳು ಬಾಲ ಬಿಟ್ಟ ಹಾಗೆಯೇ. ಮೊಳಕೆ ಹೊರಟ ಬುಡದಲ್ಲಿ ಸೊಂಟ ಹಿಡಿದಂಥ ಕಿರಿದು ಇರಬಾರದು. ಬುಡದಿಂದ ತುದಿಯವರೆಗೆ ಒಂದೇ ಸಮ ಇರಬೇಕು. ಕಂಡರೆ ಕ್ಯಾಂಡಿಡಾ ಆಲ್ಬಿಕನ್ಸ್ ಎಂದು ಬರೆಯಬಹುದು. ಡುಬ್ಲಿನಿಯೆನ್ಸಿಸ್ ಎಂಬ ಅದರ ಹತ್ತಿರದ ನೆಂಟನೂ ಹೀಗೇ ಮಾಡುತ್ತದೆ ಎಂಬುದು ನೆನಪಿರಲಿ. ಮೊದಲ ಸಲ ಇದನ್ನು ಕಂಡ ವಿದ್ಯಾರ್ಥಿ ಲೆನ್ಸಿನಿಂದ ಕಣ್ಣು ತೆಗೆಯಲು ಒಪ್ಪುವುದಿಲ್ಲ. ನನಗೂ ಪ್ರತಿ ವರ್ಷ ಅದೇ ಹಿಗ್ಗು.

ಆ ಮೊಳಕೆ ಬೆಳೆದು ದಾರವಾಗುತ್ತದೆ, ಚರ್ಮದ ಪದರವನ್ನು ತೂರಿ ಒಳಗೆ ಹೋಗುತ್ತದೆ. ದಾರವಾಗಿ ಬೆಳೆಯುವಾಗ ಮರಿ ಕಳಚಿಕೊಳ್ಳುವುದಿಲ್ಲ. ಕಳಚದಿದ್ದರೆ ಉಂಗುರವಿಲ್ಲ, ಹರಿದ ಹೊದಿಕೆಯಿಲ್ಲ, ಇಣುಕುವ ಗ್ಲೂಕಾನ್ ಇಲ್ಲ. ಅದೇ 2005ರ ಪ್ರಯೋಗದಲ್ಲಿ ಡೆಕ್ಟಿನ್-1 ದಾರಗಳನ್ನು ಹಿಡಿಯಲಾರದೆ ಹೋಯಿತು. ಆಕಾರ ಬದಲಿಸುವ ಒಂದೇ ಕೆಲಸದಿಂದ ಯೀಸ್ಟಿಗೆ ಎರಡು ಲಾಭ: ಒಳನುಗ್ಗಲು ಮೊನೆ ಸಿಕ್ಕಿತು, ಗುರುತು ಸಿಗದಂತೆ ಮೈ ಮುಚ್ಚಿತು.

ಹೊದಿಕೆ ದಪ್ಪ ತೆಳು ಆಗುವುದು ಯೀಸ್ಟ್ ಎಲ್ಲಿ ಕೂತಿದೆ ಎಂಬುದರ ಮೇಲೂ ಹೋಗುತ್ತದೆ. ಯೋನಿಯಲ್ಲಿ, ಕರುಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ಬಿಡುತ್ತಿರುತ್ತವೆ, ಮೊಸರು ಹುಳಿಯಾಗುವುದು ಯಾವುದರಿಂದಲೋ ಅದೇ ಆಮ್ಲ. ಲ್ಯಾಕ್ಟೇಟ್ ಇರುವಲ್ಲಿ ಬೆಳೆದ ಕ್ಯಾಂಡಿಡಾ ತನ್ನ ಬೀಟಾ-ಗ್ಲೂಕಾನನ್ನು ಇನ್ನಷ್ಟು ಮುಚ್ಚಿಕೊಳ್ಳುತ್ತದೆ ಎಂದು 2016ರಲ್ಲಿ ಅಬರ್ಡೀನಿನಿಂದ ವರದಿಯಾಯಿತು. ಶರೀರದೊಳಗೆ ಬಂದಿದ್ದೇನೆ, ಕಾವಲುಗಾರರು ಹತ್ತಿರವಿದ್ದಾರೆ ಎಂಬ ಸುಳಿವು ಅದಕ್ಕೆ ಲ್ಯಾಕ್ಟೇಟಿನಿಂದ ಸಿಗುತ್ತದೆ ಎಂದು ಅರ್ಥಮಾಡಿಕೊಳ್ಳಬಹುದು. ಇಟ್ಟಿಗೆ ಗೋಡೆಯ ಹೋಲಿಕೆ ಇಲ್ಲಿಗೆ ಸಾಲದು. ಇದು ಜೀವಂತ ಗೋಡೆ, ಗಳಿಗೆಗೊಂದು ರೀತಿ.

ಮನುಷ್ಯರ ಕಡೆಯಿಂದ ಸಾಕ್ಷಿ ಉಂಟೇ ಎಂದು ಕೇಳಬಹುದು. 2009ರಲ್ಲಿ ಒಂದು ಕುಟುಂಬದ ನಾಲ್ವರು ಹೆಂಗಸರ ವಿಷಯ ವರದಿಯಾಯಿತು. ಒಬ್ಬರಿಗೆ ಮತ್ತೆ ಮತ್ತೆ ಯೋನಿಯ ಕ್ಯಾಂಡಿಡಾ, ಮತ್ತೊಬ್ಬರಿಗೆ ವಾಸಿಯಾಗದ ಉಗುರಿನ ಶಿಲೀಂಧ್ರ, ಹೀಗೆ ಕಾಟ. ಪರೀಕ್ಷಿಸಿದರೆ ಅವರ ಡೆಕ್ಟಿನ್-1 ಜೀನಿನಲ್ಲಿ ದೋಷ. ಗ್ರಾಹಕದ ಕೊನೆಯ ತುಂಡು ಇಲ್ಲದೆ ಅದು ಕೋಶದ ಮೇಲಕ್ಕೆ ಬರುತ್ತಲೇ ಇರಲಿಲ್ಲ. ಆದರೆ ಅವರಿಗೆ ರಕ್ತದ ಸೋಂಕು ಆಗಿರಲಿಲ್ಲ. ಬೇರೆ ಗ್ರಾಹಕಗಳು ಆ ಮಟ್ಟಿಗೆ ಕಾಪಾಡಿದ್ದವು. ಅದೇ ವರ್ಷ ಇರಾನಿನ ಒಂದು ದೊಡ್ಡ ಕುಟುಂಬದಲ್ಲಿ ದೋಷ ಇನ್ನೂ ಒಳಗೆ ಸಿಕ್ಕಿತು, ಡೆಕ್ಟಿನ್ನುಗಳಿಂದ ಸುದ್ದಿ ಸಾಗಿಸುವ ಕಾರ್ಡ್9 ಎಂಬ ಪ್ರೋಟೀನಿನಲ್ಲಿ. ಅಲ್ಲಿ ಕೆಲವರ ಮಿದುಳಿಗೂ ಶಿಲೀಂಧ್ರ ಏರಿತ್ತು. ಸಕ್ಕರೆಯನ್ನು ಗುರುತು ಹಿಡಿಯುವುದು ಎಂದರೆ ಪುಸ್ತಕದ ಮಾತಲ್ಲ ಎಂಬುದನ್ನು ಈ ಎರಡು ಮನೆಗಳು ತೋರಿಸಿಕೊಟ್ಟವು.

ಗೋಡೆ ನಮ್ಮಲ್ಲಿಲ್ಲದ್ದು, ಅವಕ್ಕೆ ಬೇಕೇಬೇಕಾದದ್ದು ಎಂದ ಮೇಲೆ ಔಷಧಕ್ಕೆ ಅದಕ್ಕಿಂತ ಒಳ್ಳೆಯ ಗುರಿ ಯಾವುದಿದೆ? ಸ್ಪೇನಿನ ಲೊಸೋಯಾ ನದಿಯ ಕಣಿವೆಯಲ್ಲಿ ಸಿಕ್ಕ ಒಂದು ಶಿಲೀಂಧ್ರ ತಯಾರಿಸುವ ವಸ್ತುವನ್ನು ತಿದ್ದಿ ಕ್ಯಾಸ್ಪೋಫಂಗಿನ್ ಎಂಬ ಔಷಧ ಮಾಡಿದರು. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೀಟಾ 1-3 ಕೊಂಡಿ ಹಾಕುವ ಕಿಣ್ವವನ್ನೇ ಅದು ತಡೆಯುತ್ತದೆ. ಗೋಡೆ ದುರ್ಬಲವಾಗಿ, ಒಳಗಿನ ಒತ್ತಡ ತಾಳದೆ ಕೋಶ ಒಡೆಯುತ್ತದೆ. ನಮ್ಮ ಕೋಶಗಳಲ್ಲಿ ಆ ಕಿಣ್ವವೇ ಇಲ್ಲದ್ದರಿಂದ ಅಡ್ಡಪರಿಣಾಮ ಕಡಿಮೆ. ಮಾತ್ರೆಯಾಗಿ ನುಂಗುವಂತಿಲ್ಲ, ರಕ್ತನಾಳಕ್ಕೇ ಕೊಡಬೇಕು ಎಂಬುದೊಂದು ತೊಡಕು. 2006ರಲ್ಲಿ ರಾಬರ್ಟ್ ವೀಲರ್ ಮತ್ತು ಜೆರಾಲ್ಡ್ ಫಿಂಕ್ ಇನ್ನೊಂದು ಸಂಗತಿ ಕಂಡರು. ಯೀಸ್ಟನ್ನು ಕೊಲ್ಲಲು ಸಾಲದಷ್ಟು ಸಣ್ಣ ಪ್ರಮಾಣದ ಕ್ಯಾಸ್ಪೋಫಂಗಿನ್ ಕೂಡ ಹೊದಿಕೆಯನ್ನು ಸರಿಸಿ ಒಳಗಿನ ಬೀಟಾ-ಗ್ಲೂಕಾನನ್ನು ಬಿಳಿ ರಕ್ತಕಣಗಳಿಗೆ ತೋರಿಸಿಕೊಡುತ್ತದೆ.

ಯೀಸ್ಟ್ ಸುಮ್ಮನಿರುವುದಿಲ್ಲ. ಗ್ಲೂಕಾನ್ ಕಡಿಮೆಯಾದರೆ ಕೈಟಿನ್ ಹೆಚ್ಚಿಸಿ ಗೋಡೆಗೆ ತೇಪೆ ಹಾಕುತ್ತದೆ. ಆ ಕಿಣ್ವದ ಜೀನಿನಲ್ಲಿ ಬದಲಾವಣೆಯಾದರೆ ಔಷಧ ಹಿಡಿಯುವುದೇ ಇಲ್ಲ. ಇದರಲ್ಲಿ ಈಗ ಹೆಚ್ಚು ಚಿಂತೆ ತಂದಿರುವುದು ಕ್ಯಾಂಡಿಡಾ ಔರಿಸ್. 2009ರಲ್ಲಿ ಜಪಾನಿನ ಮಹಿಳೆಯೊಬ್ಬರ ಕಿವಿಯಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. ಲ್ಯಾಟಿನ್ನಿನಲ್ಲಿ ಔರಿಸ್ ಎಂದರೆ ಕಿವಿ. 2013ರ ಹೊತ್ತಿಗೆ ದೆಹಲಿಯ ಆಸ್ಪತ್ರೆಗಳಿಂದಲೂ ವರದಿಯಾಯಿತು. ಬಹುಪಾಲು ತಳಿಗಳು ಶಿಲೀಂಧ್ರನಾಶಕ ಔಷಧವಾದ ಫ್ಲುಕೊನಜೋಲ್‌ಗೆ ಜಗ್ಗುವುದಿಲ್ಲ, ಆದ್ದರಿಂದ ವೈದ್ಯರು ಮೊದಲು ನೆಚ್ಚುವುದು ಈ ಗೋಡೆ ಒಡೆಯುವ ಔಷಧಗಳನ್ನೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಲೀಂಧ್ರಗಳ ಆದ್ಯತಾ ಪಟ್ಟಿ ಮಾಡಿದಾಗ ಅತಿ ಗಂಭೀರ ಗುಂಪಿಗೆ ಹಾಕಿದ ನಾಲ್ಕರಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್, ಕ್ಯಾಂಡಿಡಾ ಔರಿಸ್ ಎರಡೂ ಇವೆ.

ಗೋಡೆಯ ಸಕ್ಕರೆ ರೋಗಪತ್ತೆಗೂ ಬರುತ್ತದೆ. ಯೀಸ್ಟ್ ಬೆಳೆಯುವಾಗ ಬೀಟಾ-ಗ್ಲೂಕಾನಿನ ಚೂರುಗಳು ರಕ್ತಕ್ಕೆ ಉದುರುತ್ತವೆ. ಅದನ್ನು ಅಳೆಯಲು ಹಾರ್ಸ್‌ಶೂ ಏಡಿ ಎಂಬ ಕಡಲ ಜೀವಿಯ ನೀಲಿ ರಕ್ತದ ಸಾರ ಬಳಸುತ್ತಾರೆ. ಗ್ಲೂಕಾನ್ ತಗುಲಿದರೆ ಅದು ಹೆಪ್ಪುಗಟ್ಟುವ ಹಾದಿ ಹಿಡಿಯುತ್ತದೆ. ಗಾಯಕ್ಕೆ ತುರುಕಿದ ಹತ್ತಿಯ ಗಾಜ್ ಬಟ್ಟೆ, ಡಯಾಲಿಸಿಸ್ಸಿನ ಕೆಲವು ಪೊರೆಗಳಿಂದಲೂ ಈ ಪರೀಕ್ಷೆ ಸುಳ್ಳು ಸೂಚನೆ ಕೊಡುವುದುಂಟು. 2021ರಲ್ಲಿ ನಮ್ಮೂರುಗಳನ್ನು ಹೆದರಿಸಿದ ಕಪ್ಪು ಶಿಲೀಂಧ್ರದಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ರೋಗಕಾರಕ ಯೀಸ್ಟನ್ನೂ ಇದು ನಂಬುವಂತೆ ಹಿಡಿಯಲಾರದು, ಕ್ರಿಪ್ಟೋಕಾಕಸ್ ನಿಯೋಫಾರ್ಮನ್ಸ್ ಎಂಬುದನ್ನು. ಕೊನೆಯ ಮಾತು ಅದರದ್ದು.

ಕ್ರಿಪ್ಟೋಕಾಕಸ್ ಪಾರಿವಾಳದ ಹಿಕ್ಕೆಯಲ್ಲಿ, ಮರದ ಕೊಳೆತ ಪೊಟರೆಯಲ್ಲಿ ಬೆಳೆಯುತ್ತದೆ. ಧೂಳಿನೊಂದಿಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಬಹಳ ಜನರಿಗೆ ಏನೂ ಆಗುವುದಿಲ್ಲ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ, ಅದರಲ್ಲೂ ಎಚ್‌ಐವಿ ಚಿಕಿತ್ಸೆ ತಡವಾದವರಲ್ಲಿ, ಮಿದುಳಿನ ಪೊರೆಗೆ ಏರುತ್ತದೆ. ದಿನಗಟ್ಟಲೆ ತಲೆನೋವು, ಜ್ವರ, ವಾಂತಿ, ಆಮೇಲೆ ಮಂಪರು. ಇದು ಗೋಡೆಯ ಹೊರಗೆ ಇನ್ನೊಂದು ಸಕ್ಕರೆ ಕೋಟೆ ಕಟ್ಟಿಕೊಂಡಿದೆ. ಮ್ಯಾನೋಸಿನ ಬೆನ್ನೆಲುಬು, ಅದಕ್ಕೆ ಜೈಲೋಸ್ ಮತ್ತು ಗ್ಲುಕ್ಯುರೋನಿಕ್ ಆಮ್ಲದ ಕವಲು. ನೀರು ಹೀರಿ ಲೋಳೆಯಾಗಿ, ಎಷ್ಟೋ ಸಲ ಕೋಶಕ್ಕಿಂತಲೂ ದಪ್ಪವಾಗುತ್ತದೆ.

ಬೆನ್ನುಹುರಿಯ ದ್ರವದ ಒಂದು ಹನಿಗೆ ಇಂಡಿಯಾ ಇಂಕಿನ ಒಂದು ಹನಿ ಬೆರೆಸಿ, ಮೇಲೆ ಕವರ್‌ಸ್ಲಿಪ್ ಇಟ್ಟು ನೋಡಬೇಕು. ಲೆನ್ಸಿನಲ್ಲಿ ಕಾಣುವ ಜಾಗವೆಲ್ಲ ಮಸಿ. ಮಸಿಯ ಕಣ ಲೋಳೆಯೊಳಗೆ ಹೋಗಲಾರದು. ಆದ್ದರಿಂದ ಕಪ್ಪಿನ ನಡುವೆ ದುಂಡಗಿನ ಯೀಸ್ಟು, ಸುತ್ತ ನಿಚ್ಚಳ ಬೆಳಕಿನ ಬಳೆ, ಹುಣ್ಣಿಮೆಯ ಚಂದ್ರನಿಗೆ ಕಣ ಕಟ್ಟಿದ ಹಾಗೆ. ಬಿಳಿ ರಕ್ತಕಣಗಳೂ ಮಸಿಯ ಕಣಗಳಂತೆಯೇ ಆ ಬಳೆಯ ಹೊರಗೇ ನಿಲ್ಲಬೇಕಾಗುತ್ತದೆ. 1994ರಲ್ಲಿ ಅಮೆರಿಕದ ಯುನ್ ಚಾಂಗ್ ಮತ್ತು ಜೂನ್ ಕ್ವಾನ್-ಚಂಗ್ ಲೋಳೆ ಕಟ್ಟಲಾರದ ಒಂದು ತಳಿಗೆ ಕಾಣೆಯಾಗಿದ್ದ ಜೀನನ್ನು ಮರಳಿ ಕೊಟ್ಟರು. ಲೋಳೆ ಬಂತು, ಇಲಿಗಳನ್ನು ಕೊಲ್ಲುವ ಶಕ್ತಿಯೂ ಅದರ ಜೊತೆಗೇ ಬಂತು.

ಈ ಲೋಳೆಯ ಸಕ್ಕರೆ ಕಳಚಿ ರಕ್ತದಲ್ಲಿ ತೇಲುತ್ತದೆ. ಅದನ್ನು ಹಿಡಿಯುವ ಪಟ್ಟಿ ಪರೀಕ್ಷೆ ಈಗ ಇದೆ, ಗರ್ಭ ಪತ್ತೆಯ ಪಟ್ಟಿಯಂತೆಯೇ ಗೆರೆ ಮೂಡಿಸುವಂಥದ್ದು. ಬೆರಳ ತುದಿಯ ರಕ್ತ ಸಾಕು, ಹತ್ತು ನಿಮಿಷದಲ್ಲಿ ಉತ್ತರ. ಉಗಾಂಡಾದ ರೋಗಿಗಳಲ್ಲಿ ತಲೆನೋವು ಶುರುವಾಗುವುದಕ್ಕೆ ಸುಮಾರು ಮೂರು ವಾರ ಮೊದಲೇ ಈ ಸಕ್ಕರೆ ರಕ್ತದಲ್ಲಿ ಕಂಡಿತ್ತು. ಮೂರು ವಾರ ಎಂದರೆ ಮಾತ್ರೆ ಕೊಟ್ಟು ಮಿದುಳನ್ನು ಉಳಿಸಿಕೊಳ್ಳಲು ಸಿಗುವ ಕಾಲ. ಎಚ್‌ಐವಿ ಇರುವವರಲ್ಲಿ ಸಿಡಿ4 ಎಂಬ ಬಿಳಿ ರಕ್ತಕಣಗಳ ಎಣಿಕೆ 100ಕ್ಕಿಂತ ಕಡಿಮೆ ಇರುವ ಎಲ್ಲರಿಗೂ ಇದನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 200ಕ್ಕಿಂತ ಕಡಿಮೆ ಇದ್ದರೂ ಮಾಡಬಹುದು ಎಂದಿದೆ. ನೀವು ನರ್ಸಿಂಗ್ ಓದುತ್ತಿರಲಿ, ಲ್ಯಾಬ್ ಟೆಕ್ನಿಷಿಯನ್ ಆಗಲಿರಲಿ, ಇಲ್ಲವೇ ಮನೆಯಲ್ಲಿ ಒಬ್ಬರನ್ನು ಎಚ್‌ಐವಿ ಚಿಕಿತ್ಸೆಗೆ ಕರೆದೊಯ್ಯುತ್ತಿರಲಿ, ಚೀಟಿಯಲ್ಲಿ ಸಿಡಿ4 ಕಡಿಮೆ ಕಂಡ ದಿನವೇ ಕ್ರಿಪ್ಟೋಕಾಕಸ್ ಪಟ್ಟಿ ಪರೀಕ್ಷೆ ಆಗಿದೆಯೇ ಎಂದು ದಯವಿಟ್ಟು ಕೇಳಿ.